ಮೋರ್ಸ್ ಕಲಿಸೋಣ, ಪರೀಕ್ಷೆಯಿಂದ ಮಾತ್ರ ತೆಗೆಯೋಣ

ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋದ ಪರೀಕ್ಷೆಗೆ ಪಾಠ ಹೇಳುವ ನನ್ನನ್ನು ಹೊಸಬರು ಮೊದಲು ಕೇಳುವುದು ಇದನ್ನೇ: "ಸರ್, ಮೋರ್ಸ್ ಇಲ್ಲದೆ ಲೈಸೆನ್ಸ್ ಸಿಗಲ್ವಾ?" ಸಿಗುತ್ತದೆ. ನಮ್ಮಲ್ಲಿ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್, ಅಂದರೆ ಚುಕ್ಕಿ-ಗೆರೆಯ ಸದ್ದಿನಲ್ಲಿ ಅಕ್ಷರ ಕಳಿಸುವ ಸಂಕೇತ, ಬೇಕಿಲ್ಲ. ಹೆಚ್ಚು ಪವರ್ ಬಳಸಬಹುದಾದ ಜನರಲ್ ದರ್ಜೆಗೆ ಮಾತ್ರ ನಿಮಿಷಕ್ಕೆ 8 ಪದದ ವೇಗದಲ್ಲಿ ಕೇಳಿ ಬರೆಯಬೇಕು, ಕೀ ಒತ್ತಿ ಕಳಿಸಲೂಬೇಕು. ಈ ಷರತ್ತು ಇನ್ನು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಮೋರ್ಸ್ ಮೇಲೆ ನನಗೆ ಪ್ರೀತಿ ಇಲ್ಲ ಅಂತಲ್ಲ. ರೇಡಿಯೋ ಮುಂದೆ ಕೂತರೆ ನನ್ನ ಕೈ ಮೊದಲು ಹೋಗುವುದು ಕೀ ಕಡೆಗೇ.

ಈ ನಿಯಮ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಆಗ ಅಪಾಯದಲ್ಲಿದ್ದ ಹಡಗುಗಳು ಮೋರ್ಸ್‌ನಲ್ಲಿ ಕರೆ ಕೊಡುತ್ತಿದ್ದವು. ಹವ್ಯಾಸಿಯೊಬ್ಬ ಅದಕ್ಕೆ ಅಡ್ಡಿ ಮಾಡಿದರೆ, "ನಿಲ್ಲಿಸು" ಅಂದದ್ದಾದರೂ ಅವನಿಗೆ ಅರ್ಥವಾಗಬೇಕಿತ್ತು. 1999ರ ಫೆಬ್ರವರಿ 1ರಿಂದ ಹಡಗುಗಳು ಉಪಗ್ರಹ ಮತ್ತು ಡಿಜಿಟಲ್ ಕರೆಯ ಹೊಸ ವ್ಯವಸ್ಥೆಗೆ ಪೂರ್ತಿ ಬದಲಾದವು. 2003ರಲ್ಲಿ ಜಿನೀವಾದ ವಿಶ್ವ ರೇಡಿಯೋ ಸಮ್ಮೇಳನ ಮೋರ್ಸ್ ಪರೀಕ್ಷೆಯ ತೀರ್ಮಾನವನ್ನು ಆಯಾ ದೇಶಕ್ಕೇ ಬಿಟ್ಟಿತು. ಬ್ರಿಟನ್ ಅದೇ ವರ್ಷ ಪರೀಕ್ಷೆ ಕೈಬಿಟ್ಟಿತು, ಅಮೆರಿಕ 2007ರಲ್ಲಿ.

"ವಿಪತ್ತು ಬಂದಾಗ ಮೋರ್ಸೇ ಗತಿ" ಅನ್ನುವವರಿದ್ದಾರೆ. 2004ರ ಸುನಾಮಿ ಬಡಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್‌ಬ್ಲೇರ್‌ನಲ್ಲೇ ಇತ್ತು. ಅಲ್ಲಿಂದ ಮೈಕ್ ಹಿಡಿದು, ಮಾತಿನಲ್ಲೇ ಸುದ್ದಿ ತಲುಪಿಸಿದರು. ಆದರೆ ಆ ವಾದದಲ್ಲಿ ಸತ್ಯ ಇಲ್ಲವೇ ಇಲ್ಲ ಅನ್ನಲಾರೆ. ಮಾತಿಗೆ ರೇಡಿಯೋ ಬ್ಯಾಂಡ್‌ನಲ್ಲಿ ಸುಮಾರು 2.5 ಕಿಲೋಹರ್ಟ್ಸ್ ಜಾಗ ಬೇಕು, ಮೋರ್ಸ್‌ಗೆ 150 ಹರ್ಟ್ಸ್ ಸಾಕು. ಅಷ್ಟು ಕಿರಿದಾದ ಸಿಗ್ನಲ್ ಗದ್ದಲದ ನಡುವೆಯೂ ಕಿವಿಗೆ ಸಿಗುತ್ತದೆ. ಮನೆಯಲ್ಲೇ ಬೆಸುಗೆ ಹಾಕಿದ ಕೆಲವೇ ವಾಟ್‌ನ ಸೆಟ್ಟು ಸಮುದ್ರ ದಾಟುತ್ತದೆ. ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನ ಇನ್ನೂ ದುರ್ಬಲ ಸಿಗ್ನಲ್ ಹಿಡಿಯುತ್ತದೆ ನಿಜ, ಆದರೆ ಅದಕ್ಕೆ ಕಂಪ್ಯೂಟರ್ ಬೇಕೇ ಬೇಕು.

ಇಷ್ಟು ಚೆಂದದ ವಿದ್ಯೆಯನ್ನು ಪರೀಕ್ಷೆ ಹಾಳು ಮಾಡುತ್ತಿದೆ ಅನ್ನುವುದೇ ನನ್ನ ಸಂಕಟ. ಬೇಗ ಪಾಸಾಗಬೇಕು ಅಂತ ಹುಡುಗರು ಚುಕ್ಕಿ-ಗೆರೆಯ ಚಾರ್ಟ್ ಬಾಯಿಪಾಠ ಮಾಡುತ್ತಾರೆ. 8 ಪದದ ವೇಗದಲ್ಲಿ ಒಂದು ಚುಕ್ಕಿ ಇರುವುದು 150 ಮಿಲಿಸೆಕೆಂಡ್. ಅಷ್ಟರಲ್ಲಿ ಎಣಿಸಿ, ಚಾರ್ಟ್ ನೆನಪಿಸಿಕೊಂಡು ಬರೆಯುವುದು ಆಗುತ್ತಾ? ಅಲ್ಲೇ ಸಿಕ್ಕಿಬೀಳುತ್ತಾರೆ. ಹೇಗೋ ಪಾಸಾಗಿ ಜನರಲ್ ದರ್ಜೆಯ ವಿಯು2 ಕಾಲ್‌ಸೈನ್ (ಹ್ಯಾಮ್‌ಗೆ ಕೊಡುವ ಗುರುತಿನ ಹೆಸರು) ಬಂತೆಂದರೆ ಎಷ್ಟೋ ಜನ ಕೀ ಮುಟ್ಟುವುದೇ ಇಲ್ಲ. ಆಸೆಪಟ್ಟು ಬಂದವರಿಗೆ ನಾನು ಚಾರ್ಟ್ ತೋರಿಸುವುದೇ ಇಲ್ಲ. ಅಕ್ಷರವನ್ನು 15 ಪದದ ವೇಗದಲ್ಲೇ ಕೇಳಿಸಿ, ಮಧ್ಯದ ಬಿಡುವನ್ನು ಮಾತ್ರ ಉದ್ದ ಇಡುತ್ತೇನೆ. ಅವರು ಎಣಿಸುವುದಿಲ್ಲ, ನಾದ ಗುರುತಿಸುತ್ತಾರೆ.

ಒತ್ತಾಯ ಹೋದರೆ ಮೋರ್ಸ್ ಸಾಯುತ್ತದೆ ಅನ್ನುವ ಭಯವೂ ಬೇಡ. ಪರೀಕ್ಷೆ ತೆಗೆದ ದೇಶಗಳಿಂದಲೇ ಇವತ್ತಿಗೂ ನವೆಂಬರ್‌ನ ಸಿಕ್ಯೂ ವರ್ಲ್ಡ್‌ವೈಡ್ ಮೋರ್ಸ್ ಸ್ಪರ್ಧೆಗೆ ಸಾವಿರಾರು ಜನ ಬರುತ್ತಾರೆ.

ಮೋರ್ಸ್ ಪರೀಕ್ಷೆ ತೆಗೆದು ಉಳಿಯುವ ಸಮಯದಲ್ಲಿ ಅಭ್ಯರ್ಥಿಯ ಮುಂದೆ ಒಂದು ಸೆಟ್ಟು ಇಡಿ. ಆಂಟೆನಾ ಹೊಂದಿಕೆ ನೋಡಲಿ, ಪಕ್ಕದ ಚಾನೆಲ್‌ಗೆ ಚೆಲ್ಲದ ಹಾಗೆ ಮಾತಾಡಲಿ, ತುರ್ತು ಸಂದೇಶವೊಂದನ್ನು ತಪ್ಪಿಲ್ಲದೆ ಬರೆದು ದಾಟಿಸಲಿ. ಕರೆಂಟ್ ತಂತಿಯಿಂದ ಆಂಟೆನಾವನ್ನು ಎಷ್ಟು ದೂರ ಕಟ್ಟುತ್ತೀಯ ಅಂತಲೂ ಕೇಳಿ. ಜನರಲ್ ದರ್ಜೆಯ ಪವರ್ ಕೈಗೆ ಬರುವ ಮುಂಚೆ ಗೊತ್ತಿರಬೇಕಾದ್ದು ಇದು.