ಕಡಲ ಗಾಳಿ ಕಾರವಾರಕ್ಕೆ ಯಾಕೆ ಬಂದಿಲ್ಲ?

ಉತ್ತರ ಕನ್ನಡಕ್ಕೆ ದೊಡ್ಡ ಯೋಜನೆಗಳೇನೂ ಹೊಸತಲ್ಲ. ಕಾಳಿ ನದಿಗೆ ಅಣೆಕಟ್ಟು ಬಂತು, ಕೈಗಾ ಅಣುಸ್ಥಾವರ ಬಂತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ನಡುವಿನ ಊರುಗಳು ಎದ್ದುಹೋದವು. ಈಗ ಅಂಕೋಲೆ ಬಳಿಯ ಕೇಣಿಯಲ್ಲಿ ಬಂದರು ಕಟ್ಟುವ ಗಲಾಟೆ. ಕಡಲೊಳಗೆ ಗಾಳಿಯಂತ್ರ ನಿಲ್ಲಿಸುವ ಯೋಜನೆ ಮಾತ್ರ ಇತ್ತ ಸುಳಿದಿಲ್ಲ.

ಇದರ ಮೂಲ ಡೆನ್ಮಾರ್ಕಿನಲ್ಲಿದೆ. 1991ರಲ್ಲಿ ಅಲ್ಲಿನ ವಿಂಡೆಬಿ ಬಳಿ ಕಡಲಲ್ಲಿ 11 ಯಂತ್ರಗಳು ಎದ್ದವು. ಒಟ್ಟು ಸಾಮರ್ಥ್ಯ 5 ಮೆಗಾವಾಟ್‌ಗೂ ಕಡಿಮೆ. ಅದೇ ದೇಶದ ಡಾಂಗ್ ಎಂಬ ತೈಲ-ಅನಿಲ ಕಂಪನಿ ಮುಂದೆ ಗಾಳಿಯತ್ತ ಹೊರಳಿ, 2017ರಲ್ಲಿ ಅರ್ಸ್ಟೆಡ್ ಎಂದು ಹೆಸರು ಬದಲಿಸಿಕೊಂಡು, ಈ ಕ್ಷೇತ್ರದ ದೈತ್ಯನಾಯಿತು. ಅಂಥ ಕಂಪನಿಯೇ 2023ರಲ್ಲಿ ಅಮೆರಿಕದ ನ್ಯೂಜೆರ್ಸಿ ಕಡಲಲ್ಲಿ ಸುಮಾರು 2,200 ಮೆಗಾವಾಟ್‌ನ ಎರಡು ಯೋಜನೆಗಳನ್ನು ಕೈಬಿಟ್ಟಿತು. ಬಡ್ಡಿ ಏರಿತ್ತು, ಸಾಮಗ್ರಿ ಸಮಯಕ್ಕೆ ಸಿಗಲಿಲ್ಲ. ಕಡಲಲ್ಲಿ ಕಂಬ ನೆಡುವುದು ಅಷ್ಟು ದುಬಾರಿ ಬಾಬತ್ತು.

ನಮ್ಮಲ್ಲಿ 2015ರಲ್ಲೇ ನೀತಿ ಬಂತು. 2018ರಲ್ಲಿ ಗುಜರಾತಿನ ಪಿಪಾವಾವ್ ಬಳಿ 1,000 ಮೆಗಾವಾಟ್‌ಗೆ ಆಸಕ್ತರನ್ನು ಕರೆದರು, ಯಂತ್ರವೊಂದೂ ಏಳಲಿಲ್ಲ. ಕೊನೆಗೆ 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ನೆರವಿಗೆ ಒಪ್ಪಿತು: ಗುಜರಾತಿಗೆ 500, ತಮಿಳುನಾಡಿಗೆ 500 ಮೆಗಾವಾಟ್. ಕರ್ನಾಟಕದ ಹೆಸರಿಲ್ಲ. ಕಾರಣ ರಾಜಕೀಯವೇನಲ್ಲ, ಗಾಳಿಯೇ. ನಮ್ಮ ಕರಾವಳಿಯಲ್ಲಿ ಅದು ಮುಂಗಾರಿನಲ್ಲಿ ಆರ್ಭಟಿಸಿ ಆಮೇಲೆ ತಣ್ಣಗಾಗುತ್ತದೆ. ರಾಜ್ಯದ ಗಾಳಿಯಂತ್ರಗಳು ಚಿತ್ರದುರ್ಗ, ಗದಗದಂಥ ಬಯಲುಸೀಮೆಯಲ್ಲೇ ಇವೆ.

ತಮಾಷೆಯೆಂದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್, ಪರ್ಸೀನ್ ದೋಣಿಗಳು ಹಗ್ಗ ಕಟ್ಟಿಕೊಂಡು ಸಾಲಾಗಿ ನಿಂತಿರುವ ದಿನಗಳಲ್ಲೇ ಯಂತ್ರ ಜೋರಾಗಿ ತಿರುಗೀತು. ತಕರಾರು ಉಳಿದ ಹತ್ತು ತಿಂಗಳದ್ದು. ಟ್ರಾಲ್ ಬಲೆಯ ಬಾಯಿ ಅಗಲಿಸಲು ಎರಡೂ ಬದಿಗೆ ಭಾರದ ಹಲಗೆ ಇರುತ್ತವೆ; ಅವು ಕಡಲ ತಳ ಉಜ್ಜುತ್ತಲೇ ಸಾಗಬೇಕು. ಅದೇ ತಳದಲ್ಲಿ ವಿದ್ಯುತ್ ಕೇಬಲ್ ಹಾದುಹೋದರೆ? ಬಲೆ ಹರಿದರೆ ದೋಣಿ ಮಾಲೀಕನ ನಷ್ಟ, ಕೇಬಲ್ ತುಂಡಾದರೆ ಮೊಕದ್ದಮೆ. ಸಾಲದ್ದಕ್ಕೆ, ಇಂಥ ಪ್ರತಿ ರಚನೆಯ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಹಾಕಲು ಅಂತರರಾಷ್ಟ್ರೀಯ ಕಡಲ ಕಾನೂನು ಅವಕಾಶ ಕೊಡುತ್ತದೆ. ನೌಕಾನೆಲೆಯ ಸುತ್ತ ಈಗಾಗಲೇ ಜಾಗ ಬಿಟ್ಟುಕೊಟ್ಟಿರುವ ಮೀನುಗಾರರಿಗೆ ಇದು ಸಣ್ಣ ಸಂಗತಿಯಲ್ಲ.

ಬ್ರಿಟನ್ನಿನಲ್ಲಿ ಕಂಬಗಳ ನಡುವೆ ಮೀನು ಹಿಡಿಯಲು ಬಿಡುತ್ತಾರೆ. ಬೆಲ್ಜಿಯಂನಲ್ಲಿ ಆ ಪ್ರದೇಶವೇ ಬಂದ್. ನಮ್ಮಲ್ಲಿ ಯಾವ ದಾರಿ ಎಂಬುದು ಮೊದಲು ತೀರ್ಮಾನವಾಗುವುದು ಗುಜರಾತ್, ತಮಿಳುನಾಡಿನ ಕಡಲಲ್ಲಿ.