ಇಷ್ಟೇನಾ ಅನ್ನಿಸುವ ಗಳಿಗೆ

ಚಿತ್ರದುರ್ಗದ ಕೋಟೆಗೆ ಮೊದಲ ಸಲ ಬಂದವರು ಓಬವ್ವನ ಕಿಂಡಿಯ ಮುಂದೆ ನಿಂತಾಗ ಅವರ ಮುಖ ನೋಡಬೇಕು. ಶಾಲೆಯ ಪಾಠ, ಅಜ್ಜಿಯ ಕಥೆ, ಗೋಡೆಯ ಮೇಲಿನ ಚಿತ್ರ ಎಲ್ಲ ಸೇರಿ ಆ ಕಿಂಡಿ ಅವರ ಮನಸ್ಸಿನಲ್ಲಿ ವರ್ಷಗಟ್ಟಲೆ ಬೆಳೆದಿರುತ್ತದೆ. ಎದುರಿಗೆ ಕಾಣುವುದು ಬಂಡೆಗಳ ನಡುವೆ ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ತೂರುವಷ್ಟು ಸಂದು. ‘ಇಷ್ಟೇನಾ?’ ಅನ್ನುವ ಮಾತನ್ನು ಅಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಸಂದು ಅಷ್ಟು ಕಿರಿದಾಗಿದ್ದಕ್ಕೇ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಬೇಕಾಯಿತು, ಅದಕ್ಕೇ ಒಬ್ಬ ಹೆಂಗಸಿನ ಕೈಯ ಒನಕೆ ಸಾಕಾಯಿತು ಎಂದು ಯಾರಾದರೂ ಬಿಡಿಸಿ ಹೇಳಿದರೆ ಮುಖಭಾವವೇ ಬೇರೆಯಾಗುತ್ತದೆ. ಕಿಂಡಿ ಇದ್ದಷ್ಟೇ ಇರುತ್ತದೆ, ಅಳೆಯುವ ಕೋಲು ಬದಲಾಗಿರುತ್ತದೆ.

ಅದೇ ಮಾತು ಒಂದು ರಾತ್ರಿ ದಾವಣಗೆರೆಯ ವಿದ್ಯಾನಗರದ ಒಂದು ರೂಮಿನಲ್ಲಿ ಕೇಳಿಸಿತು. ಅಕ್ಕನ ಮಗ ಅಲ್ಲಿ ಮೂವರು ಗೆಳೆಯರ ಜೊತೆ ಇದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದ. ನಾಲ್ವರೂ ಒಂದು ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮಿಗಾಗಿ ಎರಡು ವರ್ಷ ಕಾದಿದ್ದರು. ಇಂಟರ್‌ನೆಟ್ಟಿನಲ್ಲಿ ಸಾವಿರಾರು ಜನ ಒಂದೊಂದು ಪಾತ್ರವಾಗಿ ಒಂದೇ ಲೋಕದಲ್ಲಿ ಸೇರಿ ಆಡುವ ಬಗೆಯದು ಅದು. ಆ ಗೇಮಿನ ಹೆಸರು ಇಲ್ಲಿ ಬೇಡ. ಟ್ರೇಲರ್ ಅವರಿಗೆ ಬಾಯಿಪಾಠವಾಗಿತ್ತು. ಯಾವ ಸೆಕೆಂಡಿಗೆ ಹಡಗು ಬರುತ್ತದೆ, ಯಾವ ಸೆಕೆಂಡಿಗೆ ಬೆಟ್ಟ ಸೀಳುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಬಿಡುಗಡೆಯ ದಿನ ನಾನು ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ತಲುಪಿಸಲು ಹೋದವನು ಅಲ್ಲೇ ಉಳಿದೆ. ಡೌನ್‌ಲೋಡ್ ಮುಗಿದಾಗ ರಾತ್ರಿ ಹನ್ನೊಂದು. ಪರದೆಯ ಮೇಲೆ ‘ಸರದಿಯಲ್ಲಿ ನಿಮ್ಮ ಸ್ಥಾನ 2,314’ ಎಂದು ಬಂತು. ಮಂಡಕ್ಕಿ ಖಾಲಿಯಾಯಿತು, ಚಹಾ ಎರಡು ಸಲ ಆಯಿತು, ಸಂಖ್ಯೆ ಇಳಿಯುತ್ತ ಬಂತು. ಎರಡೂವರೆಗೆ ಬಾಗಿಲು ತೆರೆಯಿತು. ಬೆಳಗಿನ ಜಾವ ‘ಹೆಂಗೈತೋ ಗೇಮು?’ ಎಂದು ಕೇಳಿದೆ. ಹುಡುಗ ಪರದೆಯಿಂದ ಕಣ್ಣು ತೆಗೆಯದೆ, ‘ಚೆನ್ನಾಗೈತಿ ಮಾಮ. ಆದ್ರೆ ಇಷ್ಟೇನಾ ಅನ್ನಿಸ್ತು’ ಅಂದ.

ನಾನು ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುವವನು. ಕೆಟ್ಟ ಗೇಮು ಬೇಸರ ತರಿಸಿದರೆ ಅದರಲ್ಲಿ ಕೇಳುವಂಥದ್ದೇನಿಲ್ಲ. ಚೆನ್ನಾಗಿದೆ ಎಂದು ಒಪ್ಪಿಕೊಂಡ ಮೇಲೂ ನಿರಾಸೆ ಎಲ್ಲಿಂದ ಬಂತು ಎನ್ನುವುದು ನನ್ನನ್ನು ಬಿಡಲಿಲ್ಲ.

ಇದಕ್ಕೆ ಒಳ್ಳೆಯ ಉತ್ತರ ಕೋತಿಗಳಿಂದ ಸಿಕ್ಕಿದೆ. ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ, ಸಂದೇಶ ಒಯ್ಯುವ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಮಿಡಿತವನ್ನು ದಾಖಲಿಸುತ್ತಿದ್ದರು. ಕೋತಿಗೆ ಅನಿರೀಕ್ಷಿತವಾಗಿ ಒಂದು ಹನಿ ಹಣ್ಣಿನ ರಸ ಸಿಕ್ಕಾಗ ಕೋಶಗಳು ಜೋರಾಗಿ ಮಿಡಿದವು. ರಸ ಕೊಡುವ ಮುಂಚೆ ಪ್ರತಿ ಸಲ ಒಂದು ಸೂಚನೆ ಕೊಡುತ್ತ ಹೋದರು. ಕೆಲವು ಸಲ ಆದಮೇಲೆ ಮಿಡಿತ ರಸದಿಂದ ಜಾರಿ ಸೂಚನೆಗೆ ಹೋಯಿತು. ರಸ ಅಷ್ಟೇ ಸಿಹಿಯಾಗಿತ್ತು, ಕೋತಿ ಅದನ್ನು ಕುಡಿಯುತ್ತಲೂ ಇತ್ತು, ಆದರೆ ರಸ ಬಂದಾಗ ಆ ಕೋಶಗಳಲ್ಲಿ ಏನೂ ವಿಶೇಷವಿಲ್ಲ. ಸೂಚನೆ ಕೊಟ್ಟು ರಸ ಕೊಡದೆ ಹೋದಾಗಲಂತೂ, ರಸ ಬರಬೇಕಿದ್ದ ಆ ಕ್ಷಣಕ್ಕೆ ಸರಿಯಾಗಿ ಕೋಶಗಳ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. ಬರಬೇಕಾದದ್ದು ಬರಲಿಲ್ಲ ಎನ್ನುವುದನ್ನು ಮಿದುಳು ಗಡಿಯಾರ ಹಿಡಿದು ಗುರುತು ಹಾಕಿಕೊಂಡಿತ್ತು. 1997ರಲ್ಲಿ ಶುಲ್ಟ್ಸ್, ಪೀಟರ್ ಡಯಾನ್ ಮತ್ತು ರೀಡ್ ಮಾಂಟಗು ಇದನ್ನು ಒಂದು ಸರಳ ಲೆಕ್ಕಕ್ಕೆ ತಂದರು: ಸಿಕ್ಕಿದ್ದರಲ್ಲಿ ಎಣಿಸಿದ್ದನ್ನು, ಅಂದರೆ ನಿರೀಕ್ಷಿಸಿದ್ದನ್ನು, ಕಳೆದರೆ ಉಳಿಯುವುದೇ ಆ ಕೋಶಗಳು ಕೊಡುವ ಸಂಕೇತ.

ನಮ್ಮ ಊರಿನವರಿಗೆ ಇದು ಬೆಣ್ಣೆದೋಸೆಯಿಂದ ಚೆನ್ನಾಗಿ ಗೊತ್ತು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿ ಚಾಲಕ ಹಸಿವಿಗೆಂದು ಹೋಟೆಲಿಗೆ ನುಗ್ಗಿ, ಗರಿಗರಿ ದೋಸೆಯ ಮೇಲೆ ಬೆಣ್ಣೆ ಕರಗುವುದನ್ನು ಕಂಡು, ಆಲೂಗಡ್ಡೆ ಪಲ್ಯ ಚಟ್ನಿ ಹಚ್ಚಿ ಒಂದು ತುತ್ತು ಬಾಯಿಗಿಟ್ಟಾಗ ಅವನ ಹುಬ್ಬು ಮೇಲೇರುತ್ತದೆ. ಐದು ವರ್ಷದಿಂದ ಅದರ ಗುಣಗಾನ ಕೇಳಿಕೊಂಡು ಬೆಂಗಳೂರಿನಿಂದ ಅದಕ್ಕಾಗಿಯೇ ಬಂದವನು ಅದೇ ಕಾವಲಿಯ ಅದೇ ದೋಸೆ ತಿಂದು ‘ಪರವಾಗಿಲ್ಲ’ ಅನ್ನುತ್ತಾನೆ. ಇಬ್ಬರ ನಾಲಗೆಯೂ ಸುಳ್ಳು ಹೇಳುತ್ತಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಡೋಪಮಿನ್ ಎಂದರೆ ‘ಸುಖದ ರಾಸಾಯನಿಕ’ ಎಂದು ಎಲ್ಲೆಲ್ಲೂ ಬರೆಯುತ್ತಾರೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್, ಡೋಪಮಿನ್ ಹೆಚ್ಚುಕಡಿಮೆ ಪೂರ್ತಿ ಇಲ್ಲವಾಗಿಸಿದ ಇಲಿಗಳ ಬಾಯಿಗೆ ಸಕ್ಕರೆ ನೀರು ಹಾಕಿ ನೋಡಿದರು. ಇಲಿಗಳು ಎಂದಿನಂತೆ ತುಟಿ ಸವರಿದವು. ರುಚಿ ಅವಕ್ಕೆ ಹಿಡಿಸಿತ್ತು. ಆದರೆ ತಾವಾಗಿ ಎದ್ದು ಊಟದ ಕಡೆ ಹೋಗುತ್ತಿರಲಿಲ್ಲ. ಬೇಕು ಅನ್ನಿಸುವುದು ಬೇರೆ, ಹಿಡಿಸುವುದು ಬೇರೆ. ಎರಡು ವರ್ಷ ಟ್ರೇಲರ್ ನೋಡಿದ ಹುಡುಗನಲ್ಲಿ ಬೆಳೆದದ್ದು ಮೊದಲನೆಯದು.

ಎಣಿಕೆಯ ಕೋಲನ್ನು ಗೇಮ್ ಮಾಡುವವರು ಸರಿಸಬಹುದು ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಪ್ರಸಂಗ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಗೇಮಿನದು. 2004ರ ನವೆಂಬರಿನಲ್ಲಿ ಅದು ಬಿಡುಗಡೆಯಾಗುವ ಮುಂಚಿನ ಪರೀಕ್ಷೆಯಲ್ಲಿ, ಆಟಗಾರರು ದಿನವಿಡೀ ಕೂರಬಾರದೆಂದು ಒಂದು ನಿಯಮವಿತ್ತು. ಶುರುವಿನಲ್ಲಿ ಪಾತ್ರವನ್ನು ಹಂತ ಏರಿಸುವ ಅನುಭವದ ಅಂಕ ನೂರಕ್ಕೆ ನೂರು ಸಿಗುತ್ತದೆ, ಹೆಚ್ಚು ಹೊತ್ತು ಆಡಿದರೆ ಅರ್ಧಕ್ಕೆ ಇಳಿಯುತ್ತದೆ. ಆಟಗಾರರು ಸಿಟ್ಟಾದರು. ಆಮೇಲೆ ಏನು ಮಾಡಿದರು ಎಂಬುದನ್ನು ವಿನ್ಯಾಸಕ ರಾಬ್ ಪಾರ್ಡೊ ಹೇಳಿದ್ದಾರೆ. ಹಂತ ಏರಲು ಬೇಕಾದ ಅಂಕವನ್ನು ಎರಡರಷ್ಟು ಮಾಡಿದರು. ವಿಶ್ರಾಂತಿ ಪಡೆದು ಬಂದವರಿಗೆ ನೂರಕ್ಕೆ ಇನ್ನೂರು ಅಂಕ, ಅದು ಮುಗಿದ ಮೇಲೆ ಮಾಮೂಲಿ ನೂರು ಎಂದು ಬದಲಿಸಿದರು. ಲೆಕ್ಕ ಹಾಕಿ ನೋಡಿ, ಎರಡೂ ಒಂದೇ. ಮೊದಲನೆಯದು ದಂಡವಾಗಿ ಕಂಡಿತ್ತು, ಎರಡನೆಯದು ಬೋನಸ್ ಆಗಿ ಕಂಡಿತು, ಜನ ಖುಷಿಯಾದರು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲೇ ಹೇಳಿದ್ದು ಇದನ್ನೇ. ನಾವು ಲಾಭನಷ್ಟವನ್ನು ಮನಸ್ಸಿನಲ್ಲಿ ಗೆರೆ ಎಳೆದ ಒಂದು ಜಾಗದಿಂದ ಅಳೆಯುತ್ತೇವೆ, ಆ ಗೆರೆಯಿಂದ ಕೆಳಗಿಳಿದ ನೋವು ಅಷ್ಟೇ ಮೇಲೇರಿದ ಸಂತೋಷಕ್ಕಿಂತ ದೊಡ್ಡದು.

ಈ ಪಾಠ ಎಲ್ಲರೂ ಕಲಿಯಲಿಲ್ಲ. 2010ರ ಸೆಪ್ಟೆಂಬರ್ 30ರಂದು ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ ‘ಫೈನಲ್ ಫ್ಯಾಂಟಸಿ 14’ ಬಿಡುಗಡೆ ಮಾಡಿತು. ಅದರಲ್ಲೂ ವಾರಕ್ಕೆ ಮೊದಲ 8 ಗಂಟೆ ಪೂರ್ತಿ ಅಂಕ, ಆಮೇಲೆ ಇಳಿಯುತ್ತ ಹೋಗುವ ಆಯಾಸದ ನಿಯಮವಿತ್ತು. ಆದರೆ ಅದರ ದೊಡ್ಡ ತಪ್ಪು ಬೇರೆ ಕಡೆ ಇತ್ತು, ಅದನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಗೇಮಿನ ಪರದೆಯಲ್ಲಿ ಕಾಣುವ ಮನುಷ್ಯ, ಮರ, ಕತ್ತಿ ಎಲ್ಲವೂ ಪುಟ್ಟ ಪುಟ್ಟ ತ್ರಿಕೋನಗಳನ್ನು ಹೊಲಿದು ಮಾಡಿದ್ದು. ಸೆಕೆಂಡಿಗೆ ಹತ್ತಾರು ಸಲ ಕಂಪ್ಯೂಟರ್ ಅಷ್ಟೂ ತ್ರಿಕೋನಗಳನ್ನು ಹೊಸದಾಗಿ ಬಿಡಿಸುತ್ತದೆ. ಅದಕ್ಕೆ ಇರುವ ಶಕ್ತಿ ಇಷ್ಟೇ ಎಂದು ಮಿತಿ ಇದೆ, ಮನೆಯ ತಿಂಗಳ ಖರ್ಚಿನ ಹಾಗೆ ಹಂಚಿಕೊಳ್ಳಬೇಕು. ಆ ಗೇಮಿನಲ್ಲಿ ಮೂಲೆಯಲ್ಲಿಟ್ಟ ಒಂದು ಹೂಕುಂಡಕ್ಕೆ ಒಬ್ಬ ಆಟಗಾರನ ಪಾತ್ರಕ್ಕೆ ಸುರಿದಷ್ಟೇ ತ್ರಿಕೋನಗಳನ್ನು ಸುರಿದಿದ್ದರು! ಆಮೇಲೆ ಆ ಗೇಮಿನ ಹೊಣೆ ಹೊತ್ತ ನವೊಕಿ ಯೊಶಿದಾ ಅವರೇ ಇದನ್ನು ಬಹಿರಂಗವಾಗಿ ಹೇಳಿದರು. ಕುಂಡಗಳು ಸುಂದರವಾಗಿದ್ದವು. ಆದರೆ ಒಂದೇ ಜಾಗದಲ್ಲಿ ಹೆಚ್ಚು ಜನರನ್ನು ತೋರಿಸಲು ಶಕ್ತಿ ಉಳಿಯಲಿಲ್ಲ. ಆನ್‌ಲೈನ್ ಗೇಮಿಗೆ ಜನ ಬರುವುದೇ ಜನರಿಗಾಗಿ. ಅವರು ನಿಲ್ಲಬೇಕಾದ ಜಾಗವನ್ನು ಹೂಕುಂಡಗಳು ತಿಂದುಬಿಟ್ಟವು.

ಕಂಪನಿ ಕ್ಷಮೆ ಕೇಳಿತು, ತಿಂಗಳ ಶುಲ್ಕ ಕೇಳುವುದನ್ನು ಮುಂದೂಡಿತು, ಡಿಸೆಂಬರಿನಲ್ಲಿ ಯೊಶಿದಾ ಅವರನ್ನು ತಂದು ಕೂರಿಸಿತು. ಅವರು ಹಳೆಯದನ್ನು ರಿಪೇರಿ ಮಾಡುತ್ತಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿಸಿದರು. 2012ರ ನವೆಂಬರಿನಲ್ಲಿ ಹಳೆಯ ಜಗತ್ತನ್ನು ಮುಚ್ಚುವ ದಿನ ಗೇಮಿನೊಳಗಿನ ಒಂದು ಚಂದ್ರ ಆಕಾಶದಿಂದ ಬೀಳುವ ಹಾಗೆ ಕಥೆ ಹೆಣೆದರು. ಸೋತ ಗೇಮು ಎಂದು ಎಲ್ಲರೂ ಹೇಳಿದ ಅದರೊಳಗೆ ಆಟಗಾರರು ಕೊನೆಯ ನಿಮಿಷದವರೆಗೂ ಸೇರಿದ್ದರು. 2013ರ ಆಗಸ್ಟ್ 27ಕ್ಕೆ ಹೊಸ ಜಗತ್ತು ತೆರೆಯಿತು. 2021ರ ಡಿಸೆಂಬರಿನ ಹೊತ್ತಿಗೆ ಎಷ್ಟು ಜನ ಬಂದರೆಂದರೆ, ಗೇಮನ್ನು ನಡೆಸುವ ದೂರದ ಕಂಪ್ಯೂಟರ್‌ಗಳಾದ ಸರ್ವರ್‌ಗಳು ತಡೆಯಲಾರದೆ ಕಂಪನಿ ಸ್ವಲ್ಪ ಕಾಲ ಗೇಮನ್ನು ಮಾರುವುದನ್ನೇ ನಿಲ್ಲಿಸಿತು. ಮೊದಲ ಸಲ ಕೆಳಗೆ ಬಿದ್ದ ಎಣಿಕೆ ಎರಡನೆಯ ಸಲ ಅನುಕೂಲಕ್ಕೇ ಬಂದಿರಬೇಕು ಎಂದು ನನ್ನ ನಂಬಿಕೆ. ಆದರೆ ಎಣಿಕೆ ಕೆಳಗಿದ್ದ ಮಾತ್ರಕ್ಕೆ ಎಂಟು ವರ್ಷ ಜನ ನಿಲ್ಲುವುದಿಲ್ಲ, ಗೇಮನ್ನು ಅವರು ನಿಜವಾಗಿಯೂ ಮತ್ತೆ ಕಟ್ಟಿದ್ದರು.

ದಾವಣಗೆರೆಯಲ್ಲಿ ಕೂತು ಆಡುವವರಿಗೆ ಇನ್ನೊಂದು ತೊಡಕಿದೆ, ಅದು ಯಾವ ಟ್ರೇಲರಿನಲ್ಲೂ ಬರುವುದಿಲ್ಲ. ನಮ್ಮ ಹುಡುಗರ ಗೇಮಿನ ಸರ್ವರ್ ಇದ್ದದ್ದು ಯುರೋಪಿನಲ್ಲಿ, ನೇರ ಗೆರೆ ಎಳೆದರೂ 7 ಸಾವಿರ ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿಬರಲು ಕಡಿಮೆ ಎಂದರೂ 70 ಮಿಲಿಸೆಕೆಂಡ್ ಬೇಕು. ಕೇಬಲ್ ಸಮುದ್ರದಡಿ ಸುತ್ತಿ ಬಳಸಿ ಹೋಗುವುದರಿಂದ ರೂಮಿನಲ್ಲಿ ನಾನು ಕಂಡ ಸಂಖ್ಯೆ 170ರ ಆಸುಪಾಸಿನಲ್ಲಿತ್ತು. ರಾಕ್ಷಸ ಗದೆ ಬೀಸಿದ್ದನ್ನು ಹುಡುಗ ನೋಡಿ ಪಕ್ಕಕ್ಕೆ ಜಿಗಿಯುವ ಹೊತ್ತಿಗೆ ಸರ್ವರಿನ ಲೆಕ್ಕದಲ್ಲಿ ಪೆಟ್ಟು ಬಿದ್ದಾಗಿರುತ್ತಿತ್ತು. ಇದರಲ್ಲಿ ಅವನ ಕೈಯ ತಪ್ಪೇನೂ ಇರಲಿಲ್ಲ.

ಎಣಿಕೆ ತಪ್ಪುವ ಇನ್ನೊಂದು ಜಾಗ ಗಣಿತ. ಆ ಗೇಮಿನಲ್ಲಿ ಒಬ್ಬ ರಾಕ್ಷಸನನ್ನು ಕೊಂದರೆ ಒಂದು ಕಪ್ಪು ಕುದುರೆ ಸಿಗುವ ಸಾಧ್ಯತೆ ನೂರಕ್ಕೆ ಒಂದು. ‘ನೂರು ಸಲ ಹೊಡೆದ್ರೆ ಸಿಗ್ಲೇಬೇಕಲ್ವಾ ಮಾಮ?’ ಎಂದು ಕೇಳಿದ. ಇಂಜಿನಿಯರಿಂಗ್ ಹುಡುಗನೇ ಹೀಗೆ ಕೇಳಿದಾಗ ನನಗೆ ಕಳವಳವಾಯಿತು, ಕಾಗದ ಪೆನ್ನು ತರಿಸಿದೆ. ಒಂದು ಸಲ ಸಿಗದಿರುವ ಸಾಧ್ಯತೆ 0.99. ಅದನ್ನು ಅದರಿಂದಲೇ ನೂರು ಸಲ ಗುಣಿಸಿದರೆ 0.366. ಅಂದರೆ ನೂರು ಸಲ ಹೊಡೆದ ನೂರು ಜನರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಇರುತ್ತಾರೆ. ಅವನು ಆಗಲೇ 137 ಸಲ ಹೊಡೆದಿದ್ದ. ಅಷ್ಟು ಹೊಡೆದ ಮೇಲೂ ನಾಲ್ವರಲ್ಲಿ ಒಬ್ಬರಿಗೆ ಸಿಕ್ಕಿರುವುದಿಲ್ಲ. ಸೋತಾಗಲೆಲ್ಲ ‘ಮುಂದಿನ ಸಲ ಹತ್ತಿರ’ ಎಂದು ನಮ್ಮ ಮಿದುಳು ಹೇಳುತ್ತದೆ, ದಾಳಕ್ಕೆ ಹಿಂದಿನದ್ಯಾವುದೂ ನೆನಪಿರುವುದಿಲ್ಲ. ಇದನ್ನು ಅರಿತ ಕೆಲವು ಗೇಮ್‌ಗಳು ದಾಳಕ್ಕೆ ನೆನಪು ಕೊಟ್ಟಿವೆ. ‘ವಾರ್‌ಕ್ರಾಫ್ಟ್ 3’ರಲ್ಲಿ ಕೆಲವು ಹೊಡೆತಗಳ ಅದೃಷ್ಟ ಪ್ರತಿ ಸೋಲಿಗೂ ಒಂಚೂರು ಹೆಚ್ಚುತ್ತ, ಗೆದ್ದ ಕೂಡಲೇ ಮೊದಲಿನ ಜಾಗಕ್ಕೆ ಇಳಿಯುತ್ತದೆ. ಗಣಿತಕ್ಕಿಂತ ಮನುಷ್ಯನ ಎಣಿಕೆಗೆ ಹತ್ತಿರವಾದ ದಾಳ ಅದು. ಎಲ್ಲ ಗೇಮ್‌ಗಳೂ ಹಾಗೆ ಮಾಡಬೇಕು ಎನ್ನುವ ಪಕ್ಷ ನನ್ನದು.

ಅಷ್ಟಕ್ಕೂ ‘ಆಟಗಾರರ ನಿರೀಕ್ಷೆ’ ಎಂದು ಒಂದೇ ಗಂಟು ಕಟ್ಟುವುದೂ ಸರಿಯಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಈ ಬಗೆಯ ಗೇಮ್‌ಗಳ ಮುತ್ತಜ್ಜ. ಚಿತ್ರವೇ ಇಲ್ಲ, ಬರೀ ಅಕ್ಷರ. ಅಲ್ಲಿ ಬರುವವರನ್ನು ವರ್ಷಗಟ್ಟಲೆ ನೋಡಿದ ಬಾರ್ಟಲ್ 1996ರಲ್ಲಿ ನಾಲ್ಕು ಬಗೆಯ ಆಟಗಾರರನ್ನು ಗುರುತಿಸಿದರು: ಅಂಕ ಪದವಿ ಗಳಿಸುವ ಸಾಧಕರು, ಮೂಲೆಮೂಲೆ ಹುಡುಕುವ ಅಲೆಮಾರಿಗಳು, ಹರಟೆಗೆ ಬರುವ ಸ್ನೇಹಜೀವಿಗಳು, ಇನ್ನೊಬ್ಬರನ್ನು ಬಡಿಯಲು ಬರುವವರು. ವಿದ್ಯಾನಗರದ ರೂಮಿನಲ್ಲಿ ನಾಲ್ಕೂ ಇದ್ದವು. ಹೊಳಲ್ಕೆರೆಯ ಹುಡುಗ ಹದಿನೈದು ದಿನದಲ್ಲಿ ಕೊನೆಯ ಹಂತ ಮುಟ್ಟಿ ‘ಇನ್ನೇನೈತಿ ಇದ್ರಾಗೆ?’ ಎಂದು ಕೈಚೆಲ್ಲಿದ. ವರ್ಷಗಟ್ಟಲೆ ಅಟ್ಟದ್ದನ್ನು ಎರಡು ವಾರದಲ್ಲಿ ಉಣ್ಣುವವರಿಗೆ ಯಾವ ಅಡುಗೆಮನೆಯೂ ಬಡಿಸಿ ಮುಗಿಸಲಾರದು. ಬಡಿಯುವವನಿಗೆ 170 ಮಿಲಿಸೆಕೆಂಡಿನ ಸಿಟ್ಟು. ಹರಿಹರದವನು ಮೊದಲ ದಿನದಿಂದ ಹರಟೆಯಲ್ಲೇ ಮುಳುಗಿದ್ದ, ಅವನಿಗೆ ಗೇಮಿನ ಮೇಲೆ ದೂರೇ ಇರಲಿಲ್ಲ.

ನಮ್ಮ ಹುಡುಗ ಅಲೆಮಾರಿ. ಅವನಿಗೆ ಇಷ್ಟವಾದ ಒಂದೇ ಜಾಗವನ್ನು ನನಗೆ ತೋರಿಸಿದ. ಹಾಳುಬಿದ್ದ ಕೋಟೆ, ಬಾಗಿಲು ದಾಟಿದ ಕೂಡಲೇ ದಾರಿ ಸೊಟ್ಟಗೆ ತಿರುಗುತ್ತದೆ, ಮುಂದೇನಿದೆ ಎಂದು ಕಾಣುವುದಿಲ್ಲ. ‘ದುರ್ಗದಾಗೆ ಐತಲ್ಲ ಮಾಮ, ಹಂಗೇ!’ ಎಂದ. ಆನೆಗೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದೆಂದು ಏಳುಸುತ್ತಿನ ಕೋಟೆಯ ದಾರಿಗಳನ್ನು ಹಾಗೆ ತಿರುವಿದ್ದು. ಆ ತಿರುವು ಯಾವ ಟ್ರೇಲರಿನಲ್ಲೂ ಇರಲಿಲ್ಲ. ಎಣಿಸಿರದೆ ಸಿಕ್ಕಿದ ರಸದ ಹನಿ ಅದು, ಅವನ ಕಣ್ಣಲ್ಲಿ ಅದು ಕಾಣುತ್ತಿತ್ತು.

ಪರೀಕ್ಷೆ ಮುಗಿದು ರೂಮು ಖಾಲಿಯಾಗಿದೆ. ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಹರಿಹರದವನು ಊರಲ್ಲೇ. ಗೇಮಿನಲ್ಲಿ ಈಗ ಸರದಿಯಿಲ್ಲ, ಪೇಟೆಬೀದಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಕುದುರೆ ಇನ್ನೂ ಸಿಕ್ಕಿಲ್ಲ. ಶನಿವಾರ ರಾತ್ರಿ ಹತ್ತೂವರೆಗೆ ನಾಲ್ವರೂ ಆ ಕೋಟೆಯ ಬಾಗಿಲಲ್ಲಿ ಸೇರುತ್ತಾರೆ. ಹೋದ ವಾರ ಅಕ್ಕನ ಮನೆಯಲ್ಲಿದ್ದಾಗ ಮತ್ತೆ ಕೇಳಿದೆ, ‘ಈಗ ಹೆಂಗೈತೋ ಗೇಮು?’

‘ಗೇಮು ಹಂಗೇ ಐತಿ ಮಾಮ’ ಅಂದವನು ಹೆಡ್‌ಫೋನಿನ ಒಂದು ಕಿವಿ ಸರಿಸಿದ. ‘ತಡೀರಿ ಸ್ವಲ್ಪ, ಹರಿಹರದಾಗೆ ಕರೆಂಟ್ ಹೋಗೈತಂತೆ. ಅವ್ನು ಬರೋತನ ನಾವು ಒಳಗ ಹೋಗಂಗಿಲ್ಲ.’