ನೋವಾದಷ್ಟೂ ಒಳ್ಳೆಯ ಮಸಾಜ್ ಅಂತಲ್ಲ

"ಇನ್ನೂ ಸ್ವಲ್ಪ ಜೋರಾಗಿ ಒತ್ತಿ." ಮಸಾಜ್‌ಗೆ ಬರುವವರಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಹಲ್ಲು ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಹೇಳುತ್ತಾರೆ. ನೋವಾದರೇ ಗುಣ ಅನ್ನುವ ನಂಬಿಕೆ. ಇದನ್ನು ಬಿಡಿಸುವುದರಲ್ಲೇ ನನ್ನ ಅರ್ಧ ಶ್ರಮ ಹೋಗುತ್ತದೆ.

ತಡೆಯಲಾಗದಷ್ಟು ಒತ್ತಿದರೆ ಮೆದುಳಿಗೆ ಅದು ಏಟು ಬಿದ್ದ ಹಾಗೆಯೇ. ಆ ಜಾಗವನ್ನು ಕಾಪಾಡಲು ಸ್ನಾಯು ಬಿಗಿಯಾಗುತ್ತದೆ. ನಾನು ಮೊಣಕೈ ಊರಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಸಡಿಲ ಮಾಡೋಕೆ ಹೋಗಿ ಬಿಗಿ ಮಾಡಿದ ಹಾಗಾಯಿತು, ಅಲ್ವಾ? ಮಸಾಜ್‌ನಿಂದ ಸಿಗುವ ಆರಾಮದ ದೊಡ್ಡ ಪಾಲು ನರಮಂಡಲ ಶಾಂತವಾಗುವುದರಿಂದ ಬರುತ್ತದೆ. ಬೆನ್ನಿನಲ್ಲಿ ಕೈಗೆ ಸಿಗುವ ಗಂಟು ಒತ್ತಿ ಪುಡಿ ಮಾಡುವಂಥದ್ದಲ್ಲ.

ಒಬ್ಬ ಹುಡುಗ ಬಂದಿದ್ದ. ಓಟಗಾರ, ಬಹಳ ಶಿಸ್ತಿನವನು. ಬೇರೆ ಕಡೆ ಮಾಡಿಸಿಕೊಂಡ ಮಸಾಜ್‌ನಿಂದ ತೊಡೆಯೆಲ್ಲ ನೀಲಿಗಟ್ಟಿತ್ತು. "ನೋಡಿ, ಎಷ್ಟು ಚೆನ್ನಾಗಿ ಮಾಡಿದ್ದಾರೆ" ಅಂತ ಹೆಮ್ಮೆಯಿಂದ ತೋರಿಸಿದ. ನನಗೆ ಕರುಳು ಚುರ್ ಅಂತು. ನೀಲಿಗಟ್ಟಿದೆ ಅಂದರೆ ಚರ್ಮದ ಕೆಳಗೆ ಸಣ್ಣ ರಕ್ತನಾಳಗಳು ಒಡೆದಿವೆ. ಓಡುವಾಗ ಸ್ನಾಯುಗಳಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕೋಕೆ ಹಾಗೆ ಒತ್ತಲೇಬೇಕು ಅಂತ ಅವನ ನಂಬಿಕೆ. ಆದರೆ ಓಡಿ ಮುಗಿಸಿದ ಒಂದೆರಡು ಗಂಟೆಯೊಳಗೆ ದೇಹ ತಾನಾಗಿಯೇ ಅದನ್ನು ಖಾಲಿ ಮಾಡುತ್ತದೆ. ಮರುದಿನದ ಮೈಕೈ ನೋವಿಗೆ ಅದು ಕಾರಣವೇ ಅಲ್ಲ. ಆ ನೋವನ್ನು ಮಸಾಜ್ ಸ್ವಲ್ಪ ಕಡಿಮೆ ಮಾಡಬಲ್ಲದು, ಹಿತವಾಗಿ ಮಾಡಿದರೂ ಸಾಕು.

ಬಗೆಗಳೇನೋ ಹಲವು. ಸ್ವೀಡಿಷ್ ಮಸಾಜ್‌ನಲ್ಲಿ ಎಣ್ಣೆ ಹಚ್ಚಿ ನೀವುವುದು, ಹಿಸುಕುವುದು, ತಟ್ಟುವುದು. ಶಿಯಾಟ್ಸು ಜಪಾನಿನದು, ಬಟ್ಟೆಯ ಮೇಲೆಯೇ ಹೆಬ್ಬೆರಳಿನಿಂದ, ಅಂಗೈಯಿಂದ ಒತ್ತುತ್ತಾರೆ. ಥಾಯ್ ಪದ್ಧತಿಯಲ್ಲಿ ಚಾಪೆಯ ಮೇಲೆ ಮಲಗಿಸಿ ಕೈಕಾಲು ಎಳೆದು ಬಾಗಿಸುತ್ತಾರೆ. ಡೀಪ್ ಟಿಶ್ಯೂ, ಅಂದರೆ ಆಳದ ಸ್ನಾಯುಗಳ ಮಸಾಜ್ ಎಂದರೆ ಮೊದಲ ನಿಮಿಷದಿಂದಲೇ ಬಲ ಹಾಕುವುದು ಅಂದುಕೊಂಡವರೇ ಜಾಸ್ತಿ. ಹಾಗಲ್ಲ, ಮೇಲಿನ ಪದರ ಸಡಿಲವಾಗುವವರೆಗೆ ಕಾದು, ನಿಧಾನವಾಗಿ ಇಳಿಯಬೇಕು.

ದುಗ್ಧರಸದ (ಲಿಂಫ್, ಅಂದರೆ ಅಂಗಾಂಶಗಳಿಂದ ಹರಿದು ರಕ್ತಕ್ಕೆ ಮರಳುವ ದ್ರವ) ಮಸಾಜ್ ಅಂತೂ ಪೂರ್ತಿ ಬೇರೆ. ಎಮಿಲ್ ವೋಡರ್ ದಂಪತಿ 1930ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ತೋಳು ಊದಿಕೊಂಡವರಿಗೆ ಮಾಡುತ್ತಾರೆ. ಸುಮ್ನೆ ಚರ್ಮ ಸವರಿದಷ್ಟೇ ಅನ್ನಿಸುತ್ತದೆ. ಈ ದ್ರವ ಹರಿಯುವ ಹಲವು ನಾಳಗಳು ಚರ್ಮದ ಕೆಳಗೇ ಇವೆ, ಜೋರಾಗಿ ಒತ್ತಿದರೆ ಮುಚ್ಚಿಕೊಳ್ಳುತ್ತವೆ. ತರಬೇತಿ ಪಡೆದವರೇ ಮಾಡಬೇಕಾದ ಕೆಲಸ.

ಎಲ್ಲರಿಗೂ ಒಂದೇ ಅಳತೆ ಹೇಳಲಾರೆ. ಸಾಮಾನ್ಯವಾಗಿ, ಹತ್ತರಲ್ಲಿ ಐದಾರು ಅನ್ನಿಸುವ ಹಿತವಾದ ನೋವು ಪರವಾಗಿಲ್ಲ. ಉಸಿರು ಕಟ್ಟಿಕೊಳ್ಳುತ್ತಿದ್ದೀರಿ ಅಂದರೆ ಮಿತಿ ದಾಟಿದೆ, ತಕ್ಷಣ ಹೇಳಿ. ಮಸಾಜ್ ಆದ ಮೇಲೆ ಒಂದೆರಡು ದಿನ ಮೈ ಸ್ವಲ್ಪ ನೋಯಬಹುದು. ಹಳೆಯ ಬೆನ್ನುನೋವಿಗೆ ಮಸಾಜ್ ಕೆಲವು ದಿನ ಆರಾಮ ಕೊಡುತ್ತದೆ, ವ್ಯಾಯಾಮ ತಪ್ಪಿಸುವಂತಿಲ್ಲ.

ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಯಾರ ಕೈಯಲ್ಲೂ ಒತ್ತಿಸಿಕೊಳ್ಳಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಮೂಳೆ ಸವೆದಿದ್ದರೆ, ಜ್ವರ ಇದ್ದರೆ ಮಸಾಜ್‌ಗೆ ಮಲಗುವ ಮೊದಲೇ ಹೇಳಿಬಿಡಿ.